ನಾಲ್ಕು ಗೋಡೆಯೊಳಗಿನ ಸಿನಿಮಾ: ನಾಟಕದಿಂದ ಬಂದ ಚಿತ್ರಗಳ ಅಭಿನಯ ಯಾಕಿಷ್ಟು ಒಳಗೆ ಇಳಿಯುತ್ತದೆ?

ಕಡಗದಾಳು ಓದುಗ (ಚರ್ಚೆ ಆರಂಭಿಸಿದವರು)

ನಾಟಕದಿಂದ ಮಾಡಿದ ಸಿನಿಮಾ ಅಂದ ಕೂಡಲೇ ನಮ್ಮ ಕಡೆ ಹಲವರು "ಅದರಲ್ಲೇನುಂಟು, ಒಂದು ಕೋಣೆ, ಬರೀ ಮಾತು" ಅಂತ ಪಕ್ಕಕ್ಕಿಡುತ್ತಾರೆ. ಈ ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತು ಇಂಥ ಚಿತ್ರಗಳನ್ನೇ ಹುಡುಕಿ ನೋಡಿದೆ. ನೋಡನೋಡುತ್ತ ಒಂದು ಸಂಗತಿ ಗಟ್ಟಿಯಾಯಿತು: ಇವುಗಳ ಶಕ್ತಿ ಮಾತಾಡುವವರಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆ ಮಾತನ್ನು ಕೇಳಿಸಿಕೊಳ್ಳುತ್ತ ನಿಂತವರಲ್ಲಿದೆ.

'ಫೆನ್ಸಸ್' (2016) ತೆಗೆದುಕೊಳ್ಳಿ. ಆಗಸ್ಟ್ ವಿಲ್ಸನ್ ಬರೆದ ನಾಟಕ. ಡೆನ್ಜೆಲ್ ವಾಷಿಂಗ್ಟನ್ ತಾನೇ ನಿರ್ದೇಶಿಸಿ ಟ್ರಾಯ್ ಪಾತ್ರ ಮಾಡಿದ್ದಾರೆ, ಹೆಂಡತಿ ರೋಸ್ ಆಗಿ ವಯೋಲಾ ಡೇವಿಸ್. ಟ್ರಾಯ್ ಪಿಟ್ಸ್‌ಬರ್ಗ್ ಊರಲ್ಲಿ ಕಸ ಸಾಗಿಸುವ ಕೆಲಸದವನು, ಮಾತಿನ ಮಲ್ಲ. ಮನೆಯ ಹಿತ್ತಲಲ್ಲಿ ನಿಂತು, ಬೇರೊಬ್ಬಳು ತನ್ನ ಮಗುವಿಗೆ ತಾಯಿಯಾಗಲಿದ್ದಾಳೆ ಅಂತ ಹೆಂಡತಿಗೆ ಹೇಳುತ್ತಾನೆ. ಅಷ್ಟರಲ್ಲೇ ಯುದ್ಧದಲ್ಲಿ ತಲೆಗೆ ಪೆಟ್ಟಾದ ಅವನ ತಮ್ಮ ಗೇಬ್ರಿಯಲ್ ಒಂದು ಹೂವು ಹಿಡಿದುಕೊಂಡು ಬಂದು ಅತ್ತಿಗೆಗೆ ಕೊಡುತ್ತಾನೆ. ಸಂಸಾರ ಮುರಿದುಬಿದ್ದ ಆ ಗಳಿಗೆಯಲ್ಲೂ ಅವಳು ಮೈದುನನ ಹತ್ತಿರ ಮೃದುವಾಗಿಯೇ ಮಾತಾಡಬೇಕು! ಮುಂದೆ ಅವಳ ಹದಿನೆಂಟು ವರ್ಷದ ಸಂಕಟ ಹೊರಗೆ ಬೀಳುವಾಗ ಕಣ್ಣು, ಮೂಗು ಎಲ್ಲ ಸುರಿಯುತ್ತಿರುತ್ತದೆ, ಒರೆಸಿಕೊಳ್ಳುವ ಪರಿವೆ ಇಲ್ಲ. ಎಲ್ಲರೂ ನೆನಪಿಟ್ಟುಕೊಂಡದ್ದು ಆ ಅಳುವನ್ನು. ನನ್ನನ್ನು ಅಲ್ಲಾಡಿಸಿದ್ದು ಅದಕ್ಕೂ ಮೊದಲು, ಅವಳು ಇನ್ನೂ ಬಾಯಿ ಬಿಡದೆ ಗಂಡನ ಮಾತನ್ನು ಒಳಗೆ ತೆಗೆದುಕೊಳ್ಳುವ ಹೊತ್ತು.

ಇವರಿಬ್ಬರೂ 2010ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಇದೇ ಪಾತ್ರಗಳನ್ನು ಮಾಡಿ ಟೋನಿ ಪ್ರಶಸ್ತಿ ಪಡೆದಿದ್ದರು. ಚಿತ್ರಕ್ಕೆ ಡೇವಿಸ್ ಅವರಿಗೆ ಆಸ್ಕರ್ ಬಂತು. ರಾತ್ರಿ ರಾತ್ರಿ ಅದೇ ಮಾತನ್ನು ಕೇಳಿಸಿಕೊಂಡ ಕಿವಿ ಅದು. ನಿಮಗೆ ಏನನ್ನಿಸುತ್ತದೆ?

ಸೋಮವಾರಪೇಟೆ ಪ್ರೇಕ್ಷಕ

ಒಪ್ಪುವುದಿಲ್ಲ ಸರ್. ಅಭಿನಯ ಚೆನ್ನಾಗಿದೆ, ಅದು ಸರಿ. ಆದರೆ ಸಿನಿಮಾ ಅಂದರೆ ಕಣ್ಣಿನ ಕಲೆ. 'ಫೆನ್ಸಸ್' ನೋಡುವಾಗ ನನಗೆ ಪದೇಪದೇ ಪರದೆಯ ಹಿಂದೆ ರಂಗಮಂಚ ಕಂಡಿತು. ಒಬ್ಬ ಮುಗಿಸಿದ ಮೇಲೆ ಇನ್ನೊಬ್ಬ ಶುರು ಮಾಡುತ್ತಾನೆ, ನಿಜವಾದ ಮನೆಯಲ್ಲಿ ಯಾರೂ ಅಷ್ಟು ಪೂರ್ತಿಯಾಗಿ ಮಾತಾಡುವುದಿಲ್ಲ. ಒಳ್ಳೆಯ ನಾಟಕ ನೋಡಬೇಕಾದರೆ ನಾಟಕಕ್ಕೇ ಹೋಗೋಣ. ಕ್ಯಾಮೆರಾ ಇಟ್ಟುಕೊಂಡು ಹಿತ್ತಲಲ್ಲೇ ಯಾಕೆ ಕೂರಬೇಕು?

ಪೊನ್ನಂಪೇಟೆ ರಂಗಾಸಕ್ತೆ

ಕೂರಬೇಕು, ಯಾಕೆಂದರೆ ನಾಟಕದಲ್ಲಿ ಅಷ್ಟು ಹತ್ತಿರ ಯಾರಿಗೂ ಕೂರಲಿಕ್ಕೆ ಆಗುವುದಿಲ್ಲ. ನಾನು ಹವ್ಯಾಸಿ ತಂಡದಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿದವಳು. ಗೋಣಿಕೊಪ್ಪ ದಸರಾದ ವೇದಿಕೆಯಂಥ ಬಯಲಿನಲ್ಲಿ ನಿಂತರೆ ಮೊದಲ ಚಿಂತೆ ದನಿ. ಹಿಂದೆ ನಿಂತೇ ನೋಡುವವರಿಗೆ ತಲುಪಬೇಕು. ಮೈಕು ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಆಗ ಕೈ ದೊಡ್ಡದಾಗುತ್ತದೆ, ಹೆಜ್ಜೆ ದೊಡ್ಡದಾಗುತ್ತದೆ, ಮುಖ ತಾನಾಗಿಯೇ ಸಭೆಯ ಕಡೆ ತಿರುಗುತ್ತದೆ. ಎದುರಿನ ಪಾತ್ರಧಾರಿ ಮಾತಾಡುವಾಗ ನನ್ನೊಳಗೆ ಏನೇ ಆದರೂ ಅದು ಮೊದಲ ಮೂರು ಸಾಲಿಗೆ ಮಾತ್ರ. ಉಳಿದವರ ಕಣ್ಣು ಮಾತಾಡುವವರ ಮೇಲೇ ಇರುತ್ತದೆ.

ಕ್ಯಾಮೆರಾ ಆ ಹಂಚಿಕೆಯನ್ನೇ ಬದಲಾಯಿಸುತ್ತದೆ. ಮಾತಾಡುವವನ ದನಿ ಹಿನ್ನೆಲೆಗೆ ಹೋಗಿ, ಸುಮ್ಮನೆ ನಿಂತವಳ ಮುಖ ಪರದೆ ತುಂಬಬಹುದು. ಇದು ರಂಗದ ಮೇಲೆ ಆಗದ ಕೆಲಸ.

ಇನ್ನೊಂದು ಮಾತು ತಾಲೀಮಿನದು. ಸಾಮಾನ್ಯವಾಗಿ ಸಿನಿಮಾವನ್ನು ಚೂರುಚೂರಾಗಿ, ಹಿಂದುಮುಂದಾಗಿ ತೆಗೆಯುತ್ತಾರೆ. ಬೆಳಿಗ್ಗೆ ಸಾವು, ಮಧ್ಯಾಹ್ನ ಮದುವೆ. ನಾಟಕದಿಂದ ಬಂದ ಚಿತ್ರಗಳಲ್ಲಿ ಮೊದಲು ಪೂರ್ತಿ ತಾಲೀಮು ಮಾಡುವ ರೂಢಿ ಹೆಚ್ಚು. ಒಂದು ಕೊಲೆ ಮೊಕದ್ದಮೆಯ ತೀರ್ಪಿಗೆ ಹನ್ನೆರಡು ಜ್ಯೂರಿ ಸದಸ್ಯರು ಒಂದೇ ಕೋಣೆಯಲ್ಲಿ ವಾದಿಸುವ 'ಟ್ವೆಲ್ವ್ ಆ್ಯಂಗ್ರಿ ಮೆನ್' (1957) ಚಿತ್ರವನ್ನು ಸಿಡ್ನಿ ಲುಮೆಟ್ ಮಾಡುವಾಗ ಹನ್ನೆರಡೂ ನಟರನ್ನು ಎರಡು ವಾರ ತಾಲೀಮಿಗೆ ಕೂರಿಸಿದ್ದರು. ಹಾಗಾಗಿ ಒಂದು ಶಾಟ್ ಕಥೆಯ ಯಾವ ತುದಿಯದ್ದೇ ಆಗಲಿ, ಆ ಸಿಟ್ಟು ಎಲ್ಲಿಂದ ಹೊರಟಿತು, ಎಲ್ಲಿ ಮುಟ್ಟಬೇಕು ಅನ್ನುವುದು ನಟರ ಮೈಯಲ್ಲಿರುತ್ತದೆ.

ಅದೇ ಚಿತ್ರದಲ್ಲಿ ಕ್ಯಾಮೆರಾ ಸುಮ್ಮನೆ ಕೂತಿಲ್ಲ ಸೋಮವಾರಪೇಟೆಯವರೇ. ಮೊದಲ ಭಾಗದಲ್ಲಿ ಕಣ್ಣಿಗಿಂತ ಮೇಲಿನಿಂದ ನೋಡುತ್ತದೆ, ನಡುವಿನಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಗೆ ಕೆಳಗಿನಿಂದ ನೋಡುತ್ತದೆ. ಆಗ ತಲೆಯ ಮೇಲಿನ ಚಾವಣಿ ಕಾಣಲು ಶುರುವಾಗುತ್ತದೆ. ಜತೆಗೆ ಲೆನ್ಸನ್ನು ಹಂತಹಂತವಾಗಿ ಉದ್ದ ಮಾಡುತ್ತ ಹೋಗಿದ್ದಾರೆ, ಹಿಂದಿನ ಗೋಡೆ ಬೆನ್ನಿಗೆ ಅಂಟಿದ ಹಾಗೆ ಕಾಣುತ್ತದೆ. ಕೋಣೆ ಕಿರಿದಾಗುತ್ತ ಬಂದಂತೆ ನಮ್ಮ ಉಸಿರೂ ಕಿರಿದಾಗುತ್ತದೆ. ಇದು ಕಣ್ಣಿನ ಕಲೆಯೇ ಅಲ್ಲವೇ?

ಸೋಮವಾರಪೇಟೆ ಪ್ರೇಕ್ಷಕ

ಲೆನ್ಸಿನ ವಿಚಾರ ಒಪ್ಪಿದೆ ಮೇಡಂ. ಆದರೆ ಆ ಕಥೆ ರಂಗನಾಟಕವಾಗಿ ಹುಟ್ಟಿದ್ದಲ್ಲ. ರೆಜಿನಾಲ್ಡ್ ರೋಸ್ ಅದನ್ನು 1954ರಲ್ಲಿ ಟೆಲಿವಿಷನ್‌ಗೆ ಬರೆದದ್ದು. ಮೊದಲಿನಿಂದಲೂ ಅದು ಕ್ಯಾಮೆರಾದ ಮುಂದೆಯೇ ಇದ್ದ ಕೃತಿ. ಅದಕ್ಕೇ ಅಷ್ಟು ಸಲೀಸಾಗಿ ಸಿನಿಮಾ ಆಯಿತು ಅಂತ ನನ್ನ ವಾದ. ರಂಗಕ್ಕೆಂದೇ ಬರೆದದ್ದು ಹೀಗೆ ಒಗ್ಗಿದ ಉದಾಹರಣೆ ಕೊಡಿ.

ಕಾಫಿಹೂ

ನಾನು ಕೊಡುತ್ತೇನೆ. 'ದಿ ಫಾದರ್' (2020). ಫ್ಲೋರಿಯನ್ ಝೆಲರ್ 2012ರಲ್ಲಿ ಫ್ರೆಂಚ್‌ನಲ್ಲಿ ಬರೆದ ನಾಟಕ, ಸಿನಿಮಾವನ್ನೂ ಅವರೇ ನಿರ್ದೇಶಿಸಿದ್ದಾರೆ. ಆ್ಯಂಟನಿ ಹಾಪ್‌ಕಿನ್ಸ್ ಅವರಿಗೆ 83ನೇ ವಯಸ್ಸಿನಲ್ಲಿ ಅತ್ಯುತ್ತಮ ನಟ ಆಸ್ಕರ್ ಬಂದದ್ದು ಇದಕ್ಕೆ.

ನಮ್ಮ ಮಾವನಿಗೆ ಮರೆವಿನ ಕಾಯಿಲೆ. ಸುರಿಯುವ ಜೂನ್ ಮಳೆಯಲ್ಲಿ ಎದ್ದು "ಕಣದಲ್ಲಿ ಕಾಫಿ ಹರಡಿದ್ದಾರೆ, ಟಾರ್ಪಾಲು ಮುಚ್ಚಿದಿರಾ?" ಅಂತ ಕೇಳುತ್ತಾರೆ. ಆ ಹೊತ್ತಲ್ಲಿ ಕಣದಲ್ಲಿ ಏನಿರುತ್ತದೆ, ಪಾಚಿ. ಸ್ಟೋರಿನ ಬೀಗದ ಕೈಯನ್ನು ತಾವೇ ಎಲ್ಲೋ ಇಟ್ಟು, ಕೆಲಸದವರು ತೆಗೆದುಕೊಂಡರು ಅಂತ ಕೂಗಾಡುತ್ತಾರೆ. ಚಿತ್ರದ ಮುದುಕ ಕೈಗಡಿಯಾರದ ವಿಷಯದಲ್ಲಿ ಇದನ್ನೇ ಮಾಡುತ್ತಾನೆ. ಆ ಸಂಶಯದ ಕಣ್ಣು, ಮರುಕ್ಷಣ ತಾನೇ ದೊಡ್ಡ ಮನುಷ್ಯ ಅನ್ನುವ ಹಾಗೆ ಎದೆ ಸೆಟೆಸುವುದು, ಎರಡನ್ನೂ ನಾನು ದಿನಾ ನೋಡುತ್ತೇನೆ. ಹಾಪ್‌ಕಿನ್ಸ್ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ.

ಕಡಗದಾಳಿನವರು ಹೇಳಿದ ಕೇಳಿಸಿಕೊಳ್ಳುವ ಮುಖ ಇದರಲ್ಲಿ ಮಗಳದ್ದು. ಒಲಿವಿಯಾ ಕೋಲ್ಮನ್. ನೋಡಿಕೊಳ್ಳಲು ಹೊಸದಾಗಿ ಬಂದ ಹುಡುಗಿಯ ಮುಂದೆ ಅಪ್ಪ ತಮಾಷೆ ಮಾಡುತ್ತಾನೆ, ತಾನು ನೃತ್ಯಗಾರನಾಗಿದ್ದೆ ಅಂತ ಎರಡು ಹೆಜ್ಜೆ ಹಾಕಿಯೂ ತೋರಿಸುತ್ತಾನೆ. ಮಗಳಿಗೆ ಸಮಾಧಾನ, ಅಬ್ಬಾ ಇವತ್ತು ಸರಿ ಇದ್ದಾರೆ ಅಂತ. ಅಷ್ಟರಲ್ಲಿ ಇನ್ನೊಬ್ಬ ಮಗಳೇ ತನಗೆ ಇಷ್ಟದವಳು ಅಂತ ಇವಳೆದುರಿಗೇ ಹೇಳಿಬಿಡುತ್ತಾನೆ. ಕೋಲ್ಮನ್ ಮುಖದಲ್ಲಿ ನಗು ಇನ್ನೂ ಹೋಗಿರುವುದಿಲ್ಲ, ಕಣ್ಣಲ್ಲಿ ನೀರು ಬಂದಿರುತ್ತದೆ. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವ ಹೆಂಗಸರಿಗೆಲ್ಲ ಆ ಮುಖ ಗೊತ್ತು. ಅವರು ಬೇಕಂತ ಅಂದದ್ದಲ್ಲ, ಕಾಯಿಲೆ ಆಡಿಸಿದ ಮಾತು ಅಂತ ಬುದ್ಧಿಗೆ ತಿಳಿದಿರುತ್ತದೆ, ನೋವು ಮಾತ್ರ ಬುದ್ಧಿಯ ಮಾತು ಕೇಳುವುದಿಲ್ಲ.

ಆ ಮನೆಯೂ ಪಾತ್ರ ಮಾಡುತ್ತದೆ. ಅಡುಗೆಮನೆ ಬದಲಾಗಿರುತ್ತದೆ, ಕುರ್ಚಿ ಬೇರೆ, ಗೋಡೆಯ ಮೇಲಿದ್ದ ಚಿತ್ರ ಇರುವುದಿಲ್ಲ. ಒಂದು ಹೊತ್ತಲ್ಲಿ ಮಗಳಾಗಿ ಬೇರೆ ನಟಿಯೇ ಬಾಗಿಲಲ್ಲಿ ನಿಂತಿರುತ್ತಾಳೆ. ಹಾಪ್‌ಕಿನ್ಸ್ ಗೊಂದಲ ನಮ್ಮ ಗೊಂದಲವಾಗುತ್ತದೆ. ಹೊರಗಿನ ಊರು, ರಸ್ತೆ, ಆಕಾಶವನ್ನೇ ಹೆಚ್ಚಾಗಿ ತೋರಿಸಿದ್ದರೆ ಇದು ಆಗುತ್ತಿರಲಿಲ್ಲ. ಬಹುಪಾಲು ಮನೆಯೊಳಗೇ ಇಟ್ಟದ್ದರಿಂದ ಆಯಿತು.

ಕೊನೆಯಲ್ಲಿ ಆ ಮುದುಕ ತನ್ನ ಎಲೆಗಳೆಲ್ಲ ಉದುರುತ್ತಿವೆ ಅನ್ನುತ್ತಾನೆ, ಅಮ್ಮ ಬೇಕು ಅಂತ ಅಳುತ್ತಾನೆ. ಅದನ್ನು ನೋಡಿದ ಮೇಲೆ ಮಾವ ಕಣದ ವಿಷಯ ಕೇಳಿದರೆ "ಮುಚ್ಚಿದೆವು ಮಾವ" ಅಂತಲೇ ಹೇಳುತ್ತೇನೆ. ಮೊದಲು ತಿದ್ದಲು ಹೋಗುತ್ತಿದ್ದೆ.

ಕಡಗದಾಳು ಓದುಗ

ಅಕ್ಕಾ, ಇಷ್ಟು ಮನಬಿಚ್ಚಿ ಬರೆದದ್ದಕ್ಕೆ ಕೈಮುಗಿಯುತ್ತೇನೆ. ಸೋಮವಾರಪೇಟೆಯವರು ಕೇಳಿದ ಉದಾಹರಣೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕೊಡಲಾರೆ.

ಸುಂಟಿಕೊಪ್ಪದ ಮೇಷ್ಟ್ರು

ಈ ಚರ್ಚೆಗೆ ನಮ್ಮಲ್ಲೇ ಹಳೆಯ ಅಳತೆಗೋಲು ಇದೆ. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಮನಸ್ಸು) ಅಂತ ನಾಲ್ಕಾಗಿ ವಿಂಗಡಿಸುತ್ತದೆ. ಸಾತ್ತ್ವಿಕದಲ್ಲಿ ಎಂಟು ಭಾವ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಅಂದರೆ ಮೈ ಮರಗಟ್ಟುವುದು, ಬೆವರುವುದು, ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಕೈಯೆತ್ತು ಅಂದರೆ ಎತ್ತಬಹುದು, ಬಣ್ಣಗೆಡು ಅಂದರೆ ಹೇಗೆ ಕೆಡುವುದು? ಅದಕ್ಕೇ ಸತ್ತ್ವವು ಏಕಾಗ್ರವಾದ ಮನಸ್ಸಿನಿಂದ ಹುಟ್ಟುತ್ತದೆ ಅಂತ ಭರತ ಹೇಳುವುದು.

ಈ ಎಂಟರಲ್ಲಿ ಹೆಚ್ಚಿನವು ಬಯಲು ರಂಗದಲ್ಲಿ ದೂರದವರಿಗೆ ಕಾಣವು. ಹತ್ತಿರದ ಕ್ಯಾಮೆರಾಕ್ಕೆ ಕಾಣುತ್ತವೆ. 'ಟ್ವೆಲ್ವ್ ಆ್ಯಂಗ್ರಿ ಮೆನ್'ನಲ್ಲಿ ನಾಲ್ಕನೆಯ ಜ್ಯೂರಿ ಸದಸ್ಯನಾಗಿ ಇ. ಜಿ. ಮಾರ್ಷಲ್ ಇದ್ದಾರೆ. ಎಲ್ಲರೂ ಸೆಕೆಯಲ್ಲಿ ಬೇಯುತ್ತಿರುವಾಗ ಅವನು ಕೋಟು ಬಿಚ್ಚಿಲ್ಲ. ನಿನಗೆ ಬೆವರುವುದೇ ಇಲ್ಲವೇ ಅಂದರೆ ಇಲ್ಲ ಅನ್ನುತ್ತಾನೆ. ಮುಂದೆ ಕೆಲವು ದಿನದ ಹಿಂದೆ ನೋಡಿದ ಸಿನಿಮಾದ ವಿವರ ಹೇಳು ಅಂತ ಕೇಳಿದಾಗ ತಡವರಿಸುತ್ತಾನೆ, ಹಣೆ ಒರೆಸಿಕೊಳ್ಳುತ್ತಾನೆ. ಇಡೀ ವಾದ ಆ ಒಂದು ಸ್ವೇದದಲ್ಲಿ ತಿರುಗುತ್ತದೆ. ಹಾಪ್‌ಕಿನ್ಸ್ ಕೊನೆಯ ದೃಶ್ಯ ಸ್ವರಭೇದ: ಮುದುಕನ ಗಂಟಲಿನಿಂದ ಮಗುವಿನ ದನಿ ಬರುತ್ತದೆ.

'ಡೌಟ್' (2008) ಕೂಡ ಇಲ್ಲಿ ಹೇಳಬೇಕು. ಜಾನ್ ಪ್ಯಾಟ್ರಿಕ್ ಶಾನ್ಲಿ ತಮ್ಮ ನಾಟಕವನ್ನೇ ಚಿತ್ರ ಮಾಡಿದ್ದು. ಶಾಲೆಯ ಹುಡುಗನ ತಾಯಿಯಾಗಿ ವಯೋಲಾ ಡೇವಿಸ್ ಬರುವುದು ಹೆಚ್ಚುಕಡಿಮೆ ಒಂದೇ ದೃಶ್ಯದಲ್ಲಿ, ಎದುರಿಗೆ ಮೆರಿಲ್ ಸ್ಟ್ರೀಪ್. ಅಷ್ಟಕ್ಕೇ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಆ ತಾಯಿ ಹೇಳುವ ಸತ್ಯವನ್ನು ಕೇಳಿದ ಮೇಲೆ ಸ್ಟ್ರೀಪ್ ಅವರ ಕಟ್ಟುನಿಟ್ಟಿನ ಸನ್ಯಾಸಿನಿಗೆ ತಕ್ಷಣ ಮಾತು ಹೊರಡುವುದಿಲ್ಲ. ನನ್ನ ಮಟ್ಟಿಗೆ ಅದು ಸ್ತಂಭ. ಸಾತ್ತ್ವಿಕ ಅಂದರೆ ಕಣ್ಣೀರು ಅಂತಲೇ ನಮ್ಮ ಹುಡುಗರು ತಿಳಿಯುತ್ತಾರೆ. ಎಂಟರಲ್ಲಿ ಅದು ಒಂದು, ಅಷ್ಟೆ.

ಭಾಗಮಂಡಲದ ಮಳೆ

ಮೇಷ್ಟ್ರೇ, ಪರದೇಶದ್ದೇ ಆಯ್ತು. ನಮ್ಮಲ್ಲಿ ಇಲ್ವಾ? ನಾಟಕದಿಂದಲೇ ನಮ್ಮ ಸಿನಿಮಾ ಹುಟ್ಟಿದ್ದು ಮಾರಾಯ್ರೆ. 'ಬೇಡರ ಕಣ್ಣಪ್ಪ' (1954) ರಂಗದ ಮೇಲೆ ಗೆದ್ದ ನಾಟಕವೇ. ಕೊಡಗಲ್ಲೂ ಹರದಾಸ ಅಪ್ಪಚ್ಚ ಕವಿ ನೂರು ವರ್ಷದ ಹಿಂದೆಯೇ ಕೊಡವ ಭಾಷೆಯಲ್ಲಿ ಯಯಾತಿ, ಸಾವಿತ್ರಿ, ಮೂಲ ಕಾವೇರಮ್ಮೆಯ ನಾಟಕ ಬರೆದಿದ್ದಾರೆ. ಹಾಡೇ ಅದರ ಜೀವ. ಇಲ್ಲೆಲ್ಲ ಸುಮ್ಮನೆ ಮುಖ ನೋಡಿಕೊಂಡು ಕೂರುವ ಪದ್ಧತಿ ಇರಲಿಲ್ಲ. ಮಡಿಕೇರಿ ದಸರೆಯ ಮೆರವಣಿಗೆಯ ಮಂಟಪ ನೋಡಿ ಬೆಳೆದ ಜನ ನಾವು, ನಮಗೆ ಕಥೆ ಅಂದರೆ ಬೀದಿ ತುಂಬಬೇಕು. ಇದನ್ನು ಕೀಳು ಅಂತ ಯಾರೂ ಅನ್ನಬಾರದು ಅನ್ನುವುದಷ್ಟೇ ನನ್ನ ಮಾತು.

ಪೊನ್ನಂಪೇಟೆ ರಂಗಾಸಕ್ತೆ

ಯಾರೂ ಕೀಳು ಅಂದಿಲ್ಲ ಅಣ್ಣ. ಹಾಡಿ ಕಣ್ಣೀರು ತರಿಸುವುದೂ ಸಣ್ಣ ವಿದ್ಯೆಯಲ್ಲ. ಆದರೆ ನಮ್ಮಲ್ಲೂ ಕೋಣೆಯೊಳಗಿನ ಕಥೆ ಇದೆ: 'ನಾಗಮಂಡಲ'. ಗಿರೀಶ ಕಾರ್ನಾಡರಿಗೆ ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ. ಟಿ. ಎಸ್. ನಾಗಾಭರಣ 1997ರಲ್ಲಿ ಸಿನಿಮಾ ಮಾಡಿದರು. ಹೊಸದಾಗಿ ಮದುವೆಯಾದ ಹುಡುಗಿಯನ್ನು ಗಂಡ ಮನೆಯೊಳಗೆ ಬೀಗ ಹಾಕಿಟ್ಟು ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಮುಖ ಎತ್ತಿ ಮಾತಾಡುವುದಿಲ್ಲ. ರಾತ್ರಿ ಗಂಡನ ರೂಪ ತಾಳಿದ ಹಾವು, ನಾಗಪ್ಪ, ಬಂದು ಅಕ್ಕರೆ ತೋರುತ್ತಾನೆ. ಇಬ್ಬರನ್ನೂ ಮಾಡಿದ್ದು ಪ್ರಕಾಶ್ ರೈ, ರಾಣಿಯಾಗಿ ವಿಜಯಲಕ್ಷ್ಮಿ.

ರಾಣಿಗೆ ಪ್ರಶ್ನೆ ಕೇಳುವ ಸ್ವಾತಂತ್ರ್ಯವಿಲ್ಲ. ಹಗಲಿನ ಗಂಡ, ರಾತ್ರಿಯ ಗಂಡ ಒಬ್ಬನೇ ಹೌದೇ ಅನ್ನುವ ಲೆಕ್ಕ ಅವಳೊಳಗೆ ನಡೆಯಬೇಕು, ಬಾಯಿಗೆ ಬರುವ ಹಾಗಿಲ್ಲ. ರಂಗದಲ್ಲಿ ಇದಕ್ಕೆ ನಟಿ ಮೈಯೆಲ್ಲ ಬಳಸಬೇಕಾಗುತ್ತದೆ. ಚಿತ್ರದಲ್ಲಿ ಕಣ್ಣು ಸಾಕು. ಹಾಡು, ಹಬ್ಬ, ಊರು ಎಲ್ಲ ಚೆಂದವೇ ಇದೆ, ಸಿ. ಅಶ್ವತ್ಥ್ ಸಂಗೀತವಂತೂ ಹೇಳಬೇಕಾಗಿಲ್ಲ. ಆದರೂ ನನಗೆ ಅತಿ ಹೆಚ್ಚು ತಟ್ಟಿದ್ದು ಅವರಿಬ್ಬರೇ ಮನೆಯೊಳಗಿರುವ ಹೊತ್ತು.

ಸೋಮವಾರಪೇಟೆ ಪ್ರೇಕ್ಷಕ

ಹಾಗಾದರೆ 'ಏಕ್ ರುಕಾ ಹುವಾ ಫೈಸ್ಲಾ' (1986) ಬಗ್ಗೆ ಏನು ಹೇಳುತ್ತೀರಿ? 'ಟ್ವೆಲ್ವ್ ಆ್ಯಂಗ್ರಿ ಮೆನ್' ಕಥೆಯನ್ನೇ ಬಾಸು ಚಟರ್ಜಿ ಹಿಂದಿಗೆ ತಂದದ್ದು. ಪಂಕಜ್ ಕಪೂರ್ ಅದರಲ್ಲಿ ಶುರುವಿನಿಂದ ಕೊನೆಯವರೆಗೆ ಕಿರುಚುತ್ತಾರೆ. ಕ್ಲೋಸಪ್ಪಿನಲ್ಲಿ ರಂಗದ ದನಿ. ನಿಮ್ಮ ಸಾತ್ತ್ವಿಕ ಎಲ್ಲಿ ಹೋಯಿತು?

ಕಡಗದಾಳು ಓದುಗ

ಕಿರುಚುತ್ತಾರೆ, ನಿಜ. ಆದರೆ ಆ ಮನುಷ್ಯ ಯಾಕೆ ಕಿರುಚುತ್ತಾನೆ ಅನ್ನುವುದು ಕೊನೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಅವನ ಸ್ವಂತ ಮಗ ದೂರವಾಗಿದ್ದಾನೆ. ಆ ಹುಡುಗನ ಮೇಲಿನ ಸಿಟ್ಟನ್ನು ಯಾರೋ ಆರೋಪಿಯ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ. ದನಿ ಒಡೆದು ಅಳು ಬಂದಾಗ ಅಷ್ಟು ಹೊತ್ತಿನ ಆರ್ಭಟವೆಲ್ಲ ಮಗನನ್ನು ಕಳೆದುಕೊಂಡ ಅಪ್ಪನದ್ದು ಅಂತ ತಿಳಿಯುತ್ತದೆ. ಮೂಲದಲ್ಲಿ ಲೀ ಜೆ. ಕಾಬ್ ಮಗನ ಫೋಟೋ ಹರಿದು ಮೇಜಿನ ಮೇಲೆ ಬೀಳುವಾಗಲೂ ಹೀಗೆಯೇ. ಮೊದಲಿಂದ ಮೆಲ್ಲಗೆ ಮಾತಾಡಿದ್ದರೆ ಆ ಬೀಳುವಿಕೆಗೆ ಎತ್ತರವೇ ಇರುತ್ತಿರಲಿಲ್ಲ. ಅದರಲ್ಲೇ ಅನ್ನು ಕಪೂರ್ ಇನ್ನೂ ಮೂವತ್ತರ ಆಸುಪಾಸಿನಲ್ಲಿ ವಯಸ್ಸಾದ ಮುದುಕನ ಪಾತ್ರ ಮಾಡಿದ್ದಾರೆ, ಇಬ್ಬರೂ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ದೊಡ್ಡ ದನಿಯ ಅಭಿನಯವನ್ನೆಲ್ಲ ಸುಳ್ಳು ಅನ್ನಲಾಗದು. ಒಳಗೆ ಕಾರಣ ಇಲ್ಲದ ದನಿ ಸುಳ್ಳು.

ಸೋಮವಾರಪೇಟೆ ಪ್ರೇಕ್ಷಕ

ಇದನ್ನು ಯೋಚಿಸಬೇಕು. ಆ ಕೊನೆಯ ದೃಶ್ಯ ಚೆನ್ನಾಗಿತ್ತು ಅನ್ನುವುದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೂ ಮಾತಿಗೆ ಮಾತು ಕಾದು ನಿಲ್ಲುವುದು ನನಗೆ ಈಗಲೂ ಅಡ್ಡಿಯೇ.

ಸುಂಟಿಕೊಪ್ಪದ ಮೇಷ್ಟ್ರು

ಆ ಆಕ್ಷೇಪ ಇರಲಿ, ಅದರಲ್ಲಿ ತಿರುಳಿದೆ. 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' (1951) ನೋಡಿ. ಮಾರ್ಲನ್ ಬ್ರಾಂಡೊ ಮಾತನ್ನು ಅಗಿದು, ನುಂಗಿ ಆಡುತ್ತಾನೆ. ವಿವಿಯನ್ ಲೀ ಒಂದೊಂದು ವಾಕ್ಯವನ್ನೂ ಅಲಂಕರಿಸಿ ಆಡುತ್ತಾಳೆ. ಎರಡು ಬೇರೆ ಬೇರೆ ರಂಗಶಾಲೆ ಒಂದೇ ಕಿರಿದಾದ ಮನೆಯಲ್ಲಿ ಡಿಕ್ಕಿ ಹೊಡೆಯುತ್ತವೆ. ಅವಳು ಹಾಗೆ ಮಾತಾಡುವುದು ನಾಟಕೀಯ ಅಂತ ನಮಗೆ ಅನ್ನಿಸಬೇಕು, ಯಾಕೆಂದರೆ ಆ ಪಾತ್ರ ಬದುಕಿ ಉಳಿದದ್ದೇ ಆ ನಟನೆಯಿಂದ.

ಕುಶಾಲನಗರ ವಿದ್ಯಾರ್ಥಿ

ನಮಸ್ತೆ. ಎಲ್ಲ ಓದಿದೆ. ನಾವು ಸ್ನೇಹಿತರು ಸೇರಿ ಒಂದು ಏಕಾಂಕವನ್ನು ಫೋನಿನಲ್ಲೇ ಕಿರುಚಿತ್ರ ಮಾಡಬೇಕು ಅಂತಿದ್ದೇವೆ. ಅಪ್ಪ, ಮಗ, ಚಿಕ್ಕಮ್ಮ, ಮೂರೇ ಪಾತ್ರ. ತೋಟ ಪಾಲಾಗುವ ಕಥೆ. ಸ್ನೇಹಿತನ ಐನ್‌ಮನೆ, ಅಂದರೆ ಅವರ ಕುಟುಂಬದ ಹಿರಿಯರ ಹಳೆಯ ಮನೆ, ಸಿಗುತ್ತದೆ. ದುಡ್ಡಿಲ್ಲ. ಅಭಿನಯ ಒಂದೇ ನಮ್ಮ ಬಂಡವಾಳ. ಎಲ್ಲಿಂದ ಶುರು ಮಾಡಬೇಕು?

ಪೊನ್ನಂಪೇಟೆ ರಂಗಾಸಕ್ತೆ

ಫೋನು ಒಳಗಿಟ್ಟು ಶುರು ಮಾಡಿ ಪುಟ್ಟ. ಮೊದಲು ಪೂರ್ತಿ ನಾಟಕವಾಗಿಯೇ ಕಟ್ಟಿ. ಮಾತು ಬಾಯಿಪಾಠ ಆದ ಮೇಲೆ ಒಂದು ತಾಲೀಮನ್ನು ಪಿಸುಮಾತಿನಲ್ಲಿ ಮಾಡಿ, ಒಂದನ್ನು ಮಾತೇ ಇಲ್ಲದೆ ಬರೀ ಓಡಾಟದಲ್ಲಿ ಮಾಡಿ. ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರ ಕಣ್ಣು ತಪ್ಪಿಸುತ್ತಾರೆ ಅನ್ನುವುದು ಆಗ ತಾನಾಗಿಯೇ ಸಿಗುತ್ತದೆ.

ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ತೆಗೆಯುವುದಾದರೆ ಹಿರಿಯರನ್ನು ಕೇಳಿಯೇ ತೆಗೆಯಿರಿ, ಅದು ದೀಪ ಇಡುವ ಜಾಗ. ಜಗಳದ ಮಾತು ಅಲ್ಲಿ ಬೇಡ ಅಂದರೆ ಕೈಯಾಲೆಯಲ್ಲಿ ಕೂರಿಸಿ. ಮನೆಯ ಹೊರಜಗಲಿಯಲ್ಲಿ ಕೂತು ಪಾಲಿನ ಮಾತಾಡುವವರಿಗೆ ಒಳಗಿನ ದೀಪ ಕಾಣುತ್ತಿರುತ್ತದೆ, ಅದು ಅವರ ದನಿಯನ್ನು ತಾನಾಗಿ ತಗ್ಗಿಸುತ್ತದೆ. ಮಳೆಗಾಲದಲ್ಲಿ ಹೋಗಬೇಡಿ. ಹೆಂಚಿನ ಮೇಲೆ ಮಳೆ ಬಿದ್ದರೆ ಫೋನಿನ ಮೈಕಿಗೆ ಒಂದು ಮಾತೂ ಸಿಗುವುದಿಲ್ಲ.

ಶೂಟಿಂಗ್ ಕಥೆಯ ಕ್ರಮದಲ್ಲೇ ನಡೆಯಲಿ, ನಿಮಗೆ ಇರುವುದು ಒಂದೇ ಮನೆ, ಹಿಂದುಮುಂದು ಮಾಡುವ ಅಗತ್ಯವಿಲ್ಲ. ಪ್ರತಿ ದೃಶ್ಯವನ್ನೂ ಮಾತಾಡುವವರ ಮೇಲೆ ಕ್ಯಾಮೆರಾ ಇಟ್ಟು ಒಮ್ಮೆ ತೆಗೆಯಿರಿ. ಆಮೇಲೆ ಕೇಳುವವರ ಮೇಲೆ ಇಟ್ಟು, ನಡುವೆ ಎಲ್ಲೂ ನಿಲ್ಲಿಸದೆ, ಇಡೀ ದೃಶ್ಯ ಮತ್ತೊಮ್ಮೆ. ಆಗ ಅಪ್ಪನ ಪಾತ್ರಧಾರಿ ಕ್ಯಾಮೆರಾದಲ್ಲಿ ಕಾಣದಿದ್ದರೂ ಅಷ್ಟೇ ಬಲದಿಂದ ಆಡಬೇಕು. ಅವನು ಸುಮ್ಮನೆ ಮಾತು ಒಪ್ಪಿಸಿದರೆ ಮಗನ ಮುಖದಲ್ಲಿ ಏನೂ ಬರುವುದಿಲ್ಲ. ನಮ್ಮ ಹುಡುಗರು ಸೋಲುವುದು ಹೆಚ್ಚಾಗಿ ಇಲ್ಲೇ.

ಕುಶಾಲನಗರ ವಿದ್ಯಾರ್ಥಿ

ಥ್ಯಾಂಕ್ಸ್ ಅಕ್ಕ, ಎರಡನೇ ಸಲ ಕೇಳುವವರ ಮೇಲೆ ಇಡುವುದು ನಮಗೆ ಹೊಳೆದೇ ಇರಲಿಲ್ಲ. ಚಿಕ್ಕಮ್ಮನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಅವರಿಗೆ ಮಾತು ತುಂಬ ಕಡಿಮೆ, ಹಾಗಾಗಿ ಯಾರೂ ಒಪ್ಪುತ್ತಿಲ್ಲ.

ಕಾಫಿಹೂ

ಮಾತು ಕಡಿಮೆ ಇದ್ದರೆ ನಾನು ಮಾಡುತ್ತೇನಪ್ಪ. ಭಾನುವಾರ ನಮ್ಮವರು ಮಾವನ ಜತೆ ಇರುತ್ತಾರೆ, ಮಧ್ಯಾಹ್ನದ ಮೇಲೆ ತಾಲೀಮಿಗೆ ಬರಬಹುದು. ಏಕಾಂಕದ ಪ್ರತಿ ಕಳಿಸು.